ಕಂಪ್ಯೂಟರಿಗೆ ನೀರಿನ ತಂಪು: ಕೊಳವೆ ಬಾಗಿಸುವ ಮುನ್ನ ಕಾಗದದ ಮೇಲೆ ಲೆಕ್ಕ

ವಿದ್ಯುತ್ತು ಮತ್ತು ನೀರು ಒಂದೆಡೆ ಸೇರಬಾರದು ಎಂಬುದು ಪ್ರತಿ ಮನೆಯಲ್ಲೂ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಅಂಥ ಮನೆಯಲ್ಲೇ ಕಾಲೇಜು ಓದುವ ಮಗನೋ ಮಗಳೋ ಒಂದು ದಿನ ‘ಕಂಪ್ಯೂಟರ್ ಪೆಟ್ಟಿಗೆಯೊಳಗೆ ನೀರು ಹರಿಸುತ್ತೇನೆ’ ಎಂದರೆ ಹೆತ್ತವರು ಹೌಹಾರುವುದು ಸಹಜ. ಗಾಜಿನಂತೆ ಹೊಳೆಯುವ ಗಟ್ಟಿ ಕೊಳವೆಗಳು, ಅಳತೆ ಹಿಡಿದಂತೆ ಬಾಗಿದ ಮೂಲೆಗಳು, ಒಳಗೆ ಹರಿಯುವ ಬಣ್ಣದ ನೀರು - ಇವನ್ನು ಕಂಡ ಎಳೆಯರ ಮನಸ್ಸು ಸೋಲುವುದೂ ಅಷ್ಟೇ ಸಹಜ. ಈ ಎರಡರ ನಡುವೆ ತೀರ್ಪು ಹೇಳಬಲ್ಲದ್ದು ಅಂಗಡಿಯವನಲ್ಲ. ಒಂದು ಹಾಳೆ ಕಾಗದ, ಒಂದು ಪೆನ್ಸಿಲ್ ಮತ್ತು ಹೈಸ್ಕೂಲಿನ ಭೌತಶಾಸ್ತ್ರ.

ಇಷ್ಟೊಂದು ಶಾಖ ಎಲ್ಲಿಂದ?

1993ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪೆಂಟಿಯಂ ಪ್ರೊಸೆಸರ್ ಬಳಸುತ್ತಿದ್ದುದು ಸುಮಾರು 15 ವಾಟ್. ಅಂಗೈಯಗಲದ ಒಂದು ಲೋಹದ ತುಂಡು, ಪುಟ್ಟ ಫ್ಯಾನು ಇದ್ದರೆ ಅದಕ್ಕೆ ಸಾಕಾಗಿತ್ತು. 2023ರ ಇಂಟೆಲ್ ಕೋರ್ ಐ9-14900ಕೆ ಪೂರ್ಣ ಭಾರದಲ್ಲಿ 253 ವಾಟ್‌ವರೆಗೆ ಎಳೆಯಬಹುದೆಂದು ತಯಾರಕರೇ ನಮೂದಿಸಿದ್ದಾರೆ. ಗ್ರಾಫಿಕ್ಸ್ ಕಾರ್ಡುಗಳದ್ದು ಇನ್ನೂ ದೊಡ್ಡ ಹಸಿವು. 2022ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡಿನದು 450 ವಾಟ್; 2025ರ ಆರ್‌ಟಿಎಕ್ಸ್ 5090 ಕಾರ್ಡಿನದು 575 ವಾಟ್. ಇಂಥ ಪ್ರೊಸೆಸರ್ ಮತ್ತು ಕಾರ್ಡು ಜೊತೆಯಾಗಿ ದುಡಿದರೆ, ಮನೆಯ ಇಸ್ತ್ರಿಪೆಟ್ಟಿಗೆಯಷ್ಟು ಶಾಖ ಒಂದು ಡಬ್ಬಿಯೊಳಗೆ ಹುಟ್ಟುತ್ತದೆ. ಕಂಪ್ಯೂಟರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಆಗುವುದು ಶಾಖವೇ.

ಕಂಪ್ಯೂಟರನ್ನು ದ್ರವದಿಂದ ತಂಪಾಗಿಸುವುದು ಹೊಸ ಹುಚ್ಚೇನೂ ಅಲ್ಲ. ಐಬಿಎಂ ಕಂಪೆನಿ 1980ರಲ್ಲಿ ಪ್ರಕಟಿಸಿದ 3081 ಎಂಬ ದೊಡ್ಡ ಗಣಕದ ಶಾಖವನ್ನು ನೀರೇ ಹೊತ್ತೊಯ್ಯುತ್ತಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಮಂಡಲಗಳನ್ನಂತೂ ವಿದ್ಯುತ್ ಹರಿಯಗೊಡದ ವಿಶೇಷ ದ್ರವದಲ್ಲಿ ಮುಳುಗಿಸಿಯೇ ಇಡಲಾಗಿತ್ತು.

ನೀರು ತಂಪು ಮಾಡುವುದಿಲ್ಲ!

ಮೊದಲು ಕಳಚಬೇಕಾದ ತಪ್ಪು ಕಲ್ಪನೆ ಇದು. ನೀರು ತಂಪನ್ನು ತಯಾರಿಸುವುದಿಲ್ಲ. ಅದು ಶಾಖದ ಹಮಾಲಿ ಅಷ್ಟೆ. ಪ್ರೊಸೆಸರಿನ ಮೇಲೆ ಕೂತ ತಾಮ್ರದ ಬ್ಲಾಕಿನಲ್ಲಿ ಶಾಖವನ್ನು ಹೊತ್ತುಕೊಂಡು, ರೇಡಿಯೇಟರಿನಲ್ಲಿ ಇಳಿಸಿ, ಮತ್ತೆ ಹೊರಡುತ್ತದೆ. ರೇಡಿಯೇಟರಿನ ರೆಕ್ಕೆಗಳಿಂದ ಆ ಶಾಖವನ್ನು ಒಯ್ಯುವುದು ಫ್ಯಾನಿನ ಗಾಳಿಯೇ. ಕಾರು, ಲಾರಿಗಳ ಎಂಜಿನ್ನಿನಲ್ಲಿ ನಡೆಯುವುದೂ ಇದೇ.

ಹಾಗಾದರೆ ನಡುವೆ ನೀರು ಯಾಕೆ? ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಯಾಗಿಸಲು ಬೇಕಾಗುವ ಶಾಖ, ಅಷ್ಟೇ ಗಾತ್ರದ ಗಾಳಿಗೆ ಬೇಕಾಗುವುದರ ಸುಮಾರು 3,500 ಪಟ್ಟು. ಕೈಬೆರಳಿನಷ್ಟು ದಪ್ಪದ ಕೊಳವೆಯಲ್ಲಿ ಅಷ್ಟೊಂದು ಶಾಖವನ್ನು ಸದ್ದಿಲ್ಲದೆ, ಜಾಗ ಹೆಚ್ಚಿರುವ ಕಡೆಗೆ ಸಾಗಿಸಬಹುದು. ಆದರೆ ಗಾಳಿಗೇ ಶಾಖ ಒಪ್ಪಿಸಬೇಕಾದ್ದರಿಂದ ನೀರು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಯಲಾರದು.

ನಮ್ಮ ಊರುಗಳ ಮಟ್ಟಿಗೆ ಇದು ಬರೀ ತತ್ತ್ವವಲ್ಲ. ಸಮಾಧಾನಕರವಾಗಿ ಕೆಲಸ ಮಾಡುವ ವ್ಯವಸ್ಥೆಯಲ್ಲಿ ನೀರು ಕೋಣೆಗಿಂತ 10ರಿಂದ 15 ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಬೆಂಗಳೂರಿನ 27 ಡಿಗ್ರಿಯ ಕೋಣೆಯಲ್ಲಿ ನೀರು 40ರ ಆಸುಪಾಸಿನಲ್ಲಿ ಇದ್ದೀತು. ಹೊರಗಿನ ಬಿಸಿಲು 40 ಡಿಗ್ರಿ ದಾಟುವ ಕಲಬುರ್ಗಿ, ರಾಯಚೂರುಗಳ ಬೇಸಿಗೆಯಲ್ಲಿ ಅದೇ ಯಂತ್ರದ ನೀರು 55 ಡಿಗ್ರಿ ಮುಟ್ಟಬಹುದು. ಡಿ5 ಎಂಬ ಜನಪ್ರಿಯ ಪಂಪಿಗೆ ನಿಗದಿಯಾದ ಮೇಲ್ಮಿತಿ 60 ಡಿಗ್ರಿ. ಸುಲಭವಾಗಿ ಬಾಗುವುದೆಂದು ಹೊಸಬರು ಇಷ್ಟಪಡುವ ಪಿಇಟಿಜಿ ಕೊಳವೆ ಹೆಚ್ಚು ಬಿಸಿಯಾದರೆ ಮೆತ್ತಗಾಗಿ ಫಿಟಿಂಗಿನಿಂದ ಜಾರುವ ಅಪಾಯವಿದೆ. ಹೀಗಾಗಿ ತಂಪು ದೇಶದವರು ಮಾಡಿದ ಯೋಜನೆಯನ್ನು ಯಥಾವತ್ತಾಗಿ ನಕಲು ಮಾಡುವುದು ಜಾಣತನವಲ್ಲ.

ನಿಜವಾಗಿ ಬೇಕೇ?

ಬಹುಪಾಲು ವಿದ್ಯಾರ್ಥಿಗಳಿಗೆ ಬೇಕಿಲ್ಲ. ಪ್ರೋಗ್ರಾಮಿಂಗ್, ಪ್ರಾಜೆಕ್ಟ್ ವರದಿ, ಸಾಧಾರಣ ಆಟಗಳಿಗೆ ಒಳ್ಳೆಯ ಗಾಳಿ ಕೂಲರ್ ಧಾರಾಳ ಸಾಕು. ಅದಕ್ಕೂ ಮೀರಿದರೆ ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ ಸಿದ್ಧ ಕೂಲರುಗಳಿವೆ. ಗಟ್ಟಿ ಕೊಳವೆ ಹಾಕಿದ ಮಾತ್ರಕ್ಕೆ ಕಂಪ್ಯೂಟರಿನ ವೇಗ ದುಪ್ಪಟ್ಟಾಗುವುದಿಲ್ಲ. ಮೆದು ಕೊಳವೆಗಿಂತ ಗಟ್ಟಿ ಕೊಳವೆ ಹೆಚ್ಚು ತಂಪು ಕೊಡುತ್ತದೆಂಬುದೂ ಸುಳ್ಳು, ವ್ಯತ್ಯಾಸವಿರುವುದು ಅಂದದಲ್ಲಿ. ಸಿಗುವುದು ಕಡಮೆ ಸದ್ದು, ನೋಟದ ಸೊಗಸು, ಮತ್ತು ಅಳೆದು ಕಟ್ಟುವ ವಿದ್ಯೆ. ಇಷ್ಟು ತಿಳಿದ ಮೇಲೂ ಆಸೆ ಉಳಿದಿದ್ದರೆ ಲೆಕ್ಕಕ್ಕೆ ಕೂರಬಹುದು.

ಮೊದಲ ಲೆಕ್ಕ: ಶಾಖದ ಬಜೆಟ್

ಪ್ರೊಸೆಸರ್ 150 ವಾಟ್, ಗ್ರಾಫಿಕ್ಸ್ ಕಾರ್ಡು 320 ವಾಟ್ ಎಂದಿಟ್ಟುಕೊಂಡರೆ ಒಟ್ಟು 470 ವಾಟ್. ಫ್ಯಾನುಗಳು ಕಿರುಚದೆ ತಿರುಗಬೇಕಾದರೆ, 120 ಮಿಲಿಮೀಟರಿನ ಒಂದೊಂದು ಫ್ಯಾನಿನ ಜಾಗಕ್ಕೆ 100 ವಾಟ್ ಎಂದು ಹಿಡಿಯುವುದು ಸುರಕ್ಷಿತ ಅಂದಾಜು. ಅಂದರೆ ಐದು ಫ್ಯಾನುಗಳ ಜಾಗ ಬೇಕು: ಮೂರು ಫ್ಯಾನಿನ 360 ಮಿಲಿಮೀಟರ್ ರೇಡಿಯೇಟರ್ ಒಂದು, ಎರಡು ಫ್ಯಾನಿನ 240 ಒಂದು. ಸೆಕೆಯ ಊರಿನವರು ಇನ್ನೊಂದು ಫ್ಯಾನಿನಷ್ಟು ಸೇರಿಸಿಕೊಳ್ಳುವುದು ಒಳ್ಳೆಯದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ರೇಡಿಯೇಟರ್ 30 ಮಿಲಿಮೀಟರ್ ದಪ್ಪ, ಫ್ಯಾನು 25. ಎರಡೂ ಸೇರಿ 55. ಪೆಟ್ಟಿಗೆಯ ಮೇಲ್ಭಾಗದಲ್ಲಿ ಇಷ್ಟು ಜಾಗವಿಲ್ಲದಿದ್ದರೆ ಅವು ರ‍್ಯಾಮ್ ಪಟ್ಟಿಗಳಿಗೋ ಮದರ್‌ಬೋರ್ಡಿನ ಲೋಹದ ಹೊದಿಕೆಗೋ ಡಿಕ್ಕಿ ಹೊಡೆಯುತ್ತವೆ. ‘360 ಹಿಡಿಸುತ್ತದೆ’ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಉದ್ದದ ಮಾತು. ದಪ್ಪವನ್ನು ಅಳತೆಪಟ್ಟಿ ಹಿಡಿದೇ ನೋಡಬೇಕು.

ಎರಡನೆಯ ಲೆಕ್ಕ: ಯಾವುದು ಮೊದಲು, ಯಾವುದು ಆಮೇಲೆ?

ಪಂಪಿನಿಂದ ಹೊರಟ ನೀರು ಮೊದಲು ಪ್ರೊಸೆಸರಿಗೆ ಹೋಗಬೇಕೇ, ಕಾರ್ಡಿಗೇ? ನಡುವೆ ರೇಡಿಯೇಟರ್ ಇರಲೇಬೇಕೇ? ಹೊಸಬರನ್ನು ರಾತ್ರಿಯಿಡೀ ಕಾಡುವ ಈ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲೇ ಇದೆ. ನೀರಿನ ವಿಶಿಷ್ಟ ಉಷ್ಣ ಕಿಲೋಗ್ರಾಮಿಗೆ, ಡಿಗ್ರಿಗೆ ಸುಮಾರು 4,180 ಜೌಲ್. ನಿಮಿಷಕ್ಕೆ 3 ಲೀಟರ್ ಹರಿವು ಎಂದರೆ ಸೆಕೆಂಡಿಗೆ 50 ಗ್ರಾಂ. ಅಂದರೆ ಪ್ರತಿ 209 ವಾಟಿಗೆ ನೀರು ಒಂದು ಡಿಗ್ರಿ ಏರುತ್ತದೆ. 320 ವಾಟಿನ ಕಾರ್ಡನ್ನು ದಾಟುವಾಗ ನೀರು ಬಿಸಿಯಾಗುವುದು ಒಂದೂವರೆ ಡಿಗ್ರಿ. ಪ್ರೊಸೆಸರಿನಲ್ಲಿ ಮುಕ್ಕಾಲು ಡಿಗ್ರಿಯೂ ಇಲ್ಲ. ಇಡೀ ಸುತ್ತಿನಲ್ಲಿ ಅತಿ ಬಿಸಿ ಜಾಗಕ್ಕೂ ಅತಿ ತಂಪು ಜಾಗಕ್ಕೂ ಇರುವ ಅಂತರ ಎರಡೂಕಾಲು ಡಿಗ್ರಿಯೊಳಗೇ. ಆದ್ದರಿಂದ ಕೊಳವೆಗಳು ಅಡ್ಡಾದಿಡ್ಡಿ ಹಾಯದೆ ನೇರವಾಗಿ ಸಾಗುವ ಕ್ರಮವೇ ಸರಿಯಾದ ಕ್ರಮ.

ಒಂದೇ ಒಂದು ನಿಯಮ ಮೀರುವಂತಿಲ್ಲ. ನೀರಿನ ತೊಟ್ಟಿ ಪಂಪಿಗಿಂತ ಮೇಲಿರಬೇಕು, ತೊಟ್ಟಿಯಿಂದಲೇ ಪಂಪಿಗೆ ನೀರು ಇಳಿಯಬೇಕು. ಒಣಗಿ ತಿರುಗಿದ ಪಂಪು ಬೇಗ ಹಾಳಾಗುತ್ತದೆ.

ಮೂರನೆಯ ಲೆಕ್ಕ: ಕೊಳವೆ, ಫಿಟಿಂಗು

ಒಂದೇ ಸುತ್ತಿನ ವ್ಯವಸ್ಥೆಯಲ್ಲಿ ಎಷ್ಟು ಭಾಗಗಳೋ ಅಷ್ಟೇ ಕೊಳವೆಗಳು. ಪ್ರೊಸೆಸರ್ ಬ್ಲಾಕು, ಕಾರ್ಡಿನ ಬ್ಲಾಕು, ಎರಡು ರೇಡಿಯೇಟರು, ತೊಟ್ಟಿ ಸೇರಿದ ಪಂಪು - ಒಟ್ಟು ಐದು. ಹಾಗಾಗಿ ಐದು ಕೊಳವೆ, ಪ್ರತಿ ಕೊಳವೆಗೆ ಎರಡರಂತೆ ಹತ್ತು ಫಿಟಿಂಗು. ಇದರ ಮೇಲೆ ನೀರು ಬಸಿಯಲು ಅತಿ ತಗ್ಗಿನ ಜಾಗದಲ್ಲಿ ಒಂದು ಟಿ-ಆಕಾರದ ಜೋಡಣೆ, ಒಂದು ನಲ್ಲಿ. ಗಟ್ಟಿ ಕೊಳವೆ ಜರುಗುವುದಿಲ್ಲವಾದ್ದರಿಂದ ಯಾವ ಭಾಗ ಬಿಚ್ಚಬೇಕಾದರೂ ನೀರು ಬಸಿಯಲೇಬೇಕು. ಈ ನಲ್ಲಿಯನ್ನು ಮರೆತವರು ಆರು ತಿಂಗಳಲ್ಲಿ ಪಶ್ಚಾತ್ತಾಪ ಪಡುತ್ತಾರೆ. ಹೆತ್ತವರ ಬಜೆಟ್ಟು ದಾರಿ ತಪ್ಪುವುದೂ ಇಲ್ಲಿಯೇ. ಬ್ಲಾಕು, ಪಂಪುಗಳ ಬೆಲೆ ಎಲ್ಲರೂ ಬರೆದುಕೊಳ್ಳುತ್ತಾರೆ. ಡಜನ್ನುಗಟ್ಟಲೆ ಫಿಟಿಂಗುಗಳ ಬೆಲೆ ಕೊನೆಯಲ್ಲಿ ಎದುರಾಗುತ್ತದೆ.

ಕೊಳವೆಯ ಹೊರ ಅಳತೆಗೂ ಫಿಟಿಂಗಿನ ಅಳತೆಗೂ ಕೂದಲೆಳೆಯಷ್ಟೂ ಅಂತರ ಇರಕೂಡದು. 14 ಮಿಲಿಮೀಟರ್ ಕೊಳವೆಗೆ 14ರ ಫಿಟಿಂಗೇ ಆಗಬೇಕು. ಪಿಇಟಿಜಿ ಬಾಗಿಸಲು ಸುಲಭ, ಬಿರುಕು ಬಿಡುವುದು ಕಡಮೆ. ಅಕ್ರಿಲಿಕ್ ಹೆಚ್ಚು ಶಾಖ ತಡೆಯುತ್ತದೆ, ಆದರೆ ಕತ್ತರಿಸುವಾಗ ಜೋಪಾನ. ಬಿಸಿ ಊರಿನವರಿಗೆ ಅಕ್ರಿಲಿಕ್ಕೇ ಕ್ಷೇಮ.

ಇನ್ನೆರಡು ಎಚ್ಚರಿಕೆ. ಗ್ರಾಫಿಕ್ಸ್ ಕಾರ್ಡಿನ ಬ್ಲಾಕು ಚಿಪ್ಪಿನ ಹೆಸರಿಗಲ್ಲ, ಕಾರ್ಡಿನ ಮಂಡಲಕ್ಕೆ ಹೊಂದಬೇಕು. ಒಂದೇ ಚಿಪ್ಪಿನ ಎರಡು ಕಂಪೆನಿಗಳ ಕಾರ್ಡಿಗೆ ಒಂದೇ ಬ್ಲಾಕು ಕೂರದಿರಬಹುದು. ಮೂಲ ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳಬೇಕು. ಎರಡನೆಯದು, ತಾಮ್ರದ ಬ್ಲಾಕಿನ ಜೊತೆ ಅಲ್ಯುಮಿನಿಯಂ ರೇಡಿಯೇಟರ್ ಬೇಡವೇ ಬೇಡ. ಎರಡು ಬೇರೆ ಲೋಹ, ನಡುವೆ ನೀರು. ಇದು ಪ್ರಯೋಗಶಾಲೆಯ ವಿದ್ಯುತ್ಕೋಶವೇ. ಅಲ್ಯುಮಿನಿಯಂ ನಿಧಾನವಾಗಿ ಸವೆದು ತೂತಾಗುತ್ತದೆ.

ನಕ್ಷೆ, ಆಮೇಲೆ ಬಿಸಿ

ಪೆಟ್ಟಿಗೆಯ ಒಳಭಾಗವನ್ನು ಗ್ರಾಫ್ ಹಾಳೆಯ ಮೇಲೆ ನಿಜ ಅಳತೆಯಲ್ಲಿ ಬರೆದು, ಪ್ರತಿ ಭಾಗದ ತೂತಿನ ನಡುಬಿಂದು ಗುರುತಿಸಿ, ಕೊಳವೆಯ ದಾರಿ ಎಳೆಯಬೇಕು. ಮೊದಲ ಸಲ ಒಂದು ಕೊಳವೆಯಲ್ಲಿ ಒಂದು ಬಾಗು, ಹೆಚ್ಚೆಂದರೆ ಎರಡು ಸಾಕು. ದಪ್ಪ ತಂತಿಯನ್ನು ಅದೇ ದಾರಿಯಲ್ಲಿ ಬಗ್ಗಿಸಿ ಪೆಟ್ಟಿಗೆಯೊಳಗೆ ಇಟ್ಟು ನೋಡಿದರೆ ಎಲ್ಲಿ ಅಡ್ಡ ಬರುತ್ತದೆಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಕೊಳವೆಯನ್ನು ಲೆಕ್ಕಕ್ಕಿಂತ ದುಪ್ಪಟ್ಟು ತರುವುದು ಲೇಸು. ಮೊದಲ ಕೆಲವು ಬಾಗುಗಳು ಅಭ್ಯಾಸಕ್ಕೇ ಮೀಸಲು.

ಬಾಗಿಸುವಾಗ ಕೊಳವೆಯೊಳಗೆ ಸಿಲಿಕೋನ್ ಹುರಿ ತೂರಿಸಿ, ಹೀಟ್ ಗನ್ನಿನ ಬಿಸಿಗಾಳಿಗೆ ನಿಧಾನವಾಗಿ ತಿರುಗಿಸುತ್ತ ಹಿಡಿಯಬೇಕು. ಹುರಿಯಿಲ್ಲದಿದ್ದರೆ ಬಾಗಿನಲ್ಲಿ ಕೊಳವೆ ಚಪ್ಪಟೆಯಾಗುತ್ತದೆ. ಅತಿಯಾದರೆ ಗುಳ್ಳೆ ಏಳುತ್ತದೆ. ಗಾಳಿಯಾಡುವ ಜಾಗ, ಕೈಗವಸು, ಪಕ್ಕದಲ್ಲಿ ಹಿರಿಯರೊಬ್ಬರು ಇರಬೇಕು. ಕತ್ತರಿಸಿದ ತುದಿಯನ್ನು ಒಳಗೂ ಹೊರಗೂ ಉಜ್ಜಿ ನಯ ಮಾಡುವುದು ಚಿಕ್ಕ ಕೆಲಸವೆನಿಸಬಹುದು. ಆದರೆ ಒರಟು ಅಂಚು ಫಿಟಿಂಗಿನೊಳಗಿನ ರಬ್ಬರ್ ಬಳೆಯನ್ನು ಕೊಯ್ದು ಹಾಕಿದರೆ ಸೋರಿಕೆ ಶುರುವಾಗುವುದು ಅಲ್ಲಿಂದಲೇ.

ವಿದ್ಯುತ್ತಿಗೆ ಮುಂಚೆ ಪರೀಕ್ಷೆ

ಆತುರಗಾರನಿಗೆ ಬುದ್ಧಿ ಮಟ್ಟ. ಎಲ್ಲ ಜೋಡಿಸಿದ ದಿನವೇ ಕಂಪ್ಯೂಟರ್ ಚಾಲೂ ಮಾಡುವ ಆಸೆಯನ್ನು ಅದುಮಿಡಬೇಕು. ಕೈಪಂಪಿನಿಂದ ಗಾಳಿಯೊತ್ತಡ ತುಂಬಿ ಮುಳ್ಳು ಇಳಿಯುತ್ತದೆಯೇ ಎಂದು ನೋಡುವ ಮಾಪಕಗಳು ಸಿಗುತ್ತವೆ. ಇದರಿಂದ ಒಂದು ತೊಟ್ಟು ನೀರೂ ಹಾಕದೆ ಸೋರಿಕೆ ತಿಳಿಯುತ್ತದೆ. ಆಮೇಲೆ ನೀರು ತುಂಬಿ, ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡುಗಳ ವಿದ್ಯುತ್ ತಂತಿಗಳನ್ನೆಲ್ಲ ಕಳಚಿ, ಪಂಪಿಗೆ ಮಾತ್ರ ವಿದ್ಯುತ್ ಕೊಟ್ಟು ಓಡಿಸಬೇಕು. ಪ್ರತಿ ಜೋಡಣೆಯ ಕೆಳಗೆ ಬಿಳಿ ಟಿಷ್ಯೂ ಕಾಗದ ಹಾಸಿದರೆ ಒಂದು ಹನಿ ಬಿದ್ದರೂ ಕಾಣುತ್ತದೆ. ಒಂದು ಹಗಲು ಒಂದು ರಾತ್ರಿ ಕಾದರೆ ನಷ್ಟವಿಲ್ಲ. ಕಾಯದಿದ್ದರೆ ನಷ್ಟವಾಗುವುದು ಇಡೀ ಯಂತ್ರ.

ತುಂಬುವ ನೀರು ನಲ್ಲಿಯದಾಗಲಿ ಬೋರ್‌ವೆಲ್ಲಿನದಾಗಲಿ ಆಗಬಾರದು. ಅದರ ಲವಣ ಬ್ಲಾಕಿನ ಸಣ್ಣ ಸೀಳುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಟ್ಟಿ ಇಳಿಸಿದ ನೀರಿಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರವ ಬೆರೆಸಬೇಕು, ಇಲ್ಲವೇ ಸಿದ್ಧ ಕೂಲಂಟ್ ತರಬೇಕು. ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲವೆಂಬ ಧೈರ್ಯ ಸಲ್ಲದು. ಲೋಹದ ಸಂಗದಲ್ಲಿ ಕೆಲಕಾಲ ಸುತ್ತಿದ ನೀರು ಶುದ್ಧವಾಗಿ ಉಳಿಯುವುದಿಲ್ಲ.

ಪಂಪಿನ ವೇಗ ತಿಳಿಸುವ ತಂತಿಯನ್ನು ಮದರ್‌ಬೋರ್ಡಿಗೆ ಸೇರಿಸಿ, ಪಂಪು ನಿಂತರೆ ಎಚ್ಚರಿಕೆ ಕೊಡುವಂತೆ ಬಯಾಸ್‌ನಲ್ಲಿ ಹೊಂದಿಸಿದರೆ ಕಟ್ಟುವ ಕೆಲಸ ಮುಗಿಯಿತು. ಆರೈಕೆ ಮುಗಿಯುವುದಿಲ್ಲ. ಅಕ್ವೇರಿಯಂ ಇಟ್ಟವರ ಹಾಗೆ ನೀರಿನ ಬಣ್ಣ, ಮಟ್ಟ ಗಮನಿಸುತ್ತಿರಬೇಕು. ವರ್ಷಕ್ಕೊಮ್ಮೆ ಬಸಿದು, ತೊಳೆದು, ಹೊಸದು ತುಂಬಬೇಕು. ಪರೀಕ್ಷೆಯ ತಿಂಗಳಲ್ಲಿ ಈ ಕೆಲಸ ಎದುರಾಗದಂತೆ ರಜೆಯ ದಿನಗಳಿಗೇ ಹೊಂದಿಸಿಕೊಳ್ಳುವುದು ಮೇಲು.

ಶಾಖದ ಬಜೆಟ್, ಭಾಗಗಳ ಪಟ್ಟಿ, ಫಿಟಿಂಗುಗಳ ಎಣಿಕೆ, ನಿಜ ಅಳತೆಯ ನಕ್ಷೆ, ಬಸಿಯುವ ನಲ್ಲಿಯ ಜಾಗ - ಈ ಐದನ್ನೂ ಕಾಗದದ ಮೇಲೆ ತೋರಿಸಬಲ್ಲ ವಿದ್ಯಾರ್ಥಿಯ ಕೈಗೆ ಹೀಟ್ ಗನ್ ಕೊಡಬಹುದು. ಲೆಕ್ಕ ಹಾಕಿದ ಮೇಲೆ ‘ಈ ಯಂತ್ರಕ್ಕೆ ಗಾಳಿಯೇ ಸಾಕು’ ಎಂಬ ಉತ್ತರ ಬಂದರೂ ಅದು ಸೋಲಲ್ಲ. ಉಳಿದ ಹಣ ಮನೆಯಲ್ಲೇ ಇರುತ್ತದೆ. ಕಲಿತ ಲೆಕ್ಕ ಮುಂದೆ ಕಟ್ಟುವ ಯಾವ ಯಂತ್ರಕ್ಕೂ ಉಪಯೋಗಕ್ಕೆ ಬರುತ್ತದೆ.