ಹಕ್ಕಿ ಬಿಟ್ಟುಹೋದ ಬೀಡು

ಕಳೆದ ರವಿವಾರ ಮಾಜಿವಾಡಾ ನಾಕೆಯಿಂದ ಠಾಣೆ ಸ್ಟೇಶನ್ನಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಮುಂದಿನ ಆಸನದಲ್ಲಿ ಒಂದು ಕನ್ನಡ ಕುಟುಂಬವು ಕುಳಿತಿದ್ದಿತು. ಭಾಯಖಳಾದ ರಾಣಿಬಾಗಿಗೆ ಪೆಂಗ್ವಿನ್ ನೋಡಲು ಹೊರಟವರು. ಎಂಟೊಂಬತ್ತು ವರ್ಷದ ಹುಡುಗನು, “ಅಪ್ಪ, ಅವು ಮೊದಲು ಎಲ್ಲಿ ಗೂಡು ಕಟ್ಟುತ್ತಿದ್ದವು?” ಎಂದು ಕೇಳಿದನು. “ಹಿಮದಲ್ಲಿ, ಮತ್ತೆಲ್ಲಿ?” ಎಂದು ತಂದೆ ಉತ್ತರಿಸಿದರು. ಉತ್ತರವು ತಪ್ಪೆಂದು ನಮಗೆ ತಿಳಿದಿದ್ದರೂ, ಮಗನ ಮುಂದೆ ತಂದೆಯನ್ನು ತಿದ್ದುವುದು ಸಲ್ಲದೆಂದು ಸುಮ್ಮನಿದ್ದೆವು. ಅಂದು ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ರಾಣಿಬಾಗಿಗೆ 2016ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಎಂಟು ಪೆಂಗ್ವಿನ್ನುಗಳು ಹಂಬೋಲ್ಟ್ ಎಂಬ ಜಾತಿಯವು. ಈ ಜಾತಿಗೂ ಹಿಮಕ್ಕೂ ಸಂಬಂಧವೇ ಇಲ್ಲ. ಪೆರು ಮತ್ತು ಚಿಲಿ ದೇಶಗಳ ಒಣ ಕಡಲತೀರವೇ ಇದರ ತೌರು. ಅಲ್ಲಿ ಕಡಲಹಕ್ಕಿಗಳ ಹಿಕ್ಕೆಯು ಶತಮಾನಗಳಿಂದ ಪದರುಪದರಾಗಿ ಕೂಡಿ ಗಟ್ಟಿಯಾಗಿದ್ದಿತು. ಪೆಂಗ್ವಿನ್ನು ಅದರಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹಿಕ್ಕೆಯು ಉತ್ಕೃಷ್ಟ ಗೊಬ್ಬರವೆಂದು ಯುರೋಪಿನ ರೈತರಿಗೆ ತಿಳಿದುಬಂದಿತು. ಹಡಗುಗಟ್ಟಲೆ ಅಗೆದು ಸಾಗಿಸಿದರು. ಗೊಬ್ಬರದೊಡನೆ ಹಕ್ಕಿಯ ಮನೆಯೂ ಹೋಯಿತು, ಅದು ಅಲ್ಲಿ ಎಷ್ಟು ಕಾಲದಿಂದ ಇದ್ದಿತೆಂಬ ಸಾಕ್ಷ್ಯವೂ ಹೋಯಿತು.

ದಕ್ಷಿಣ ಧ್ರುವದ ನೆರೆಯಲ್ಲಿ ಹಾಗಾಗಲಿಲ್ಲ. ಅಲ್ಲಿನ ಅಡೇಲಿ ಜಾತಿಯ ಪೆಂಗ್ವಿನ್ನು ಕೂಡ ಹಿಮದ ಮೇಲೆ ಗೂಡು ಮಾಡುವುದಿಲ್ಲ. ಕರಗಿದ ನೀರಿನಲ್ಲಿ ಮೊಟ್ಟೆ ಕೆಟ್ಟುಹೋದೀತು. ಹಿಮವಿಲ್ಲದ ಬಂಡೆನೆಲವನ್ನು ಹುಡುಕಿ, ಹರಳುಕಲ್ಲುಗಳನ್ನು ಕೊಕ್ಕಿನಲ್ಲಿ ಒಂದೊಂದಾಗಿ ತಂದು ರಾಶಿಮಾಡುತ್ತದೆ. ನೆರೆಯವರ ಗೂಡಿನಿಂದ ಕದಿಯುವುದೂ ಉಂಟು! ಹಕ್ಕಿ ಹೋದಮೇಲೂ ಆ ಕಲ್ಲು, ಹಿಕ್ಕೆ, ಗರಿ, ಮೊಟ್ಟೆಯ ಚಿಪ್ಪು, ಸತ್ತ ಮರಿಗಳ ಎಲುಬು ಇವೆಲ್ಲ ಆ ಒಣ ಚಳಿಯಲ್ಲಿ ಕೊಳೆಯದೆ ಸಾವಿರಾರು ವರ್ಷ ಉಳಿಯುತ್ತವೆ.

ಅಮೆರಿಕದ ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯದ ವಿಲ್ಮಿಂಗ್ಟನ್ ಶಾಖೆಯ ಸ್ಟೀವನ್ ಎಮ್ಸ್ಲಿ ಎಂಬವರು ಹಲವು ವರ್ಷಗಳಿಂದ ಈ ಮಣ್ಣನ್ನು ಅಗೆದು ಜರಡಿ ಹಿಡಿಯುತ್ತ ಬಂದಿದ್ದಾರೆ. ಜರಡಿಯಲ್ಲಿ ಉಳಿಯುವುದು ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲು, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಯ ಕೊಕ್ಕು, ಹಕ್ಕಿಯ ಎಲುಬು. ಬೆಳೆದ ಹಕ್ಕಿಯ ಎಲುಬೊಂದೇ ಸಿಕ್ಕಿದರೆ ಅಲ್ಲಿ ಗೂಡಿದ್ದಿತೆಂದು ಹೇಳಲಾಗದು. ದಾರಿಹೋಕನಾಗಿ ಬಂದು ಸತ್ತಿರಲೂಬಹುದು. ಮರಿಯ ಎಲುಬು, ಚಿಪ್ಪು, ಹರಳುಕಲ್ಲು ಒಂದೇ ಕಡೆ ಕೂಡಿದ್ದರೆ ಸಂದೇಹವಿಲ್ಲ.

2016ರ ಜನವರಿಯಲ್ಲಿ ರಾಸ್ ಸಮುದ್ರದ ಇರಿಝಾರ್ ಭೂಶಿರದಲ್ಲಿ ಅವರಿಗೊಂದು ವಿಚಿತ್ರವು ಎದುರಾಯಿತು. ನೆಲದಲ್ಲೆಲ್ಲ ಹರಳುಕಲ್ಲು, ಹಿಕ್ಕೆಯ ಕಲೆ, ಮರಿಗಳ ಎಲುಬು. ಗರಿ ಇನ್ನೂ ಅಂಟಿಕೊಂಡ ಕಳೇಬರಗಳು ಮೊನ್ನೆ ಮೊನ್ನೆ ಸತ್ತವುಗಳಂತೆ ಕಂಡುವು. ಆದರೆ 20ನೆಯ ಶತಮಾನದ ಆರಂಭದಲ್ಲಿ ಬಂದ ಸ್ಕಾಟನ ತಂಡದಿಂದ ಹಿಡಿದು ಈಚಿನವರೆಗೆ ಅಲ್ಲಿ ಪೆಂಗ್ವಿನ್ ಸಂಸಾರವನ್ನು ಕಂಡವರು ಯಾರೂ ಇಲ್ಲ. ಇಂಗಾಲದ ಪರೀಕ್ಷೆಯಿಂದ ಕಾಲವನ್ನು ನಿರ್ಣಯಿಸಲಾಯಿತು. ಇದರಲ್ಲೂ ಒಂದು ತೊಡಕುಂಟು: ಆ ಕಡಲಿನ ನೀರಿನಲ್ಲಿ ಹಳೆಯ ಇಂಗಾಲವು ಬೆರೆತಿರುವುದರಿಂದ, ನಿನ್ನೆ ಸತ್ತ ಹಕ್ಕಿಯೂ ಪರೀಕ್ಷೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದಾಗಿ ತೋರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಬೇಕು. ಹಾಗೆ ಹಾಕಿದ ಲೆಕ್ಕವು 2020ರಲ್ಲಿ ಪ್ರಕಟವಾಯಿತು. ಸುಮಾರು 5,000 ವರ್ಷಗಳ ಹಿಂದೆ ಅಲ್ಲಿ ಮೊದಲು ಗೂಡು ಬಿದ್ದಿತ್ತು. ಕೊನೆಯ ಸಂಸಾರವು ಸುಮಾರು 800 ವರ್ಷಗಳ ಹಿಂದೆ ಎದ್ದುಹೋಗಿತ್ತು. ನಡುವೆ ಹಕ್ಕಿಗಳು ಕಡಿಮೆಯೆಂದರೆ ಮೂರು ಸಲ ಬಂದು ನೆಲಸಿದ್ದುವು. ಬಳಿಕ ಚಳಿಯೇರಿ ಹಿಮವು ಎಲ್ಲವನ್ನೂ ಮುಚ್ಚಿತು. ಈಗ ಆ ಹಿಮವು ಕರಗುತ್ತಿರುವುದರಿಂದ ಮುಚ್ಚಿದುದು ಬಯಲಾಗಿದೆ.

ಬಿಟ್ಟ ನೆಲಕ್ಕೆ ಹಕ್ಕಿ ಮರಳಿ ಬರುವುದೆಂಬುದು ಇದರಿಂದ ತಿಳಿಯಿತು, ಆದರೆ ಆ ನೆಲವು ಅಲ್ಲಿರಬೇಕು. ಇರಿಝಾರಿನಲ್ಲಿ ಅದು ಹಿಮದಡಿ ಕಾದುಕೊಂಡಿತ್ತು. ಪೆರುವಿನಲ್ಲಿ ಅದನ್ನು ಹಡಗಿಗೆ ಹೇರಿದ್ದರು. ಊರಿನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದ ನಮ್ಮಂಥವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುರುಹು ಇಲ್ಲದಲ್ಲಿ ಹಕ್ಕಿಯೂ ಇರಲಿಲ್ಲವೆಂದು ಮಾತ್ರ ತಿಳಿಯಬಾರದು. ಚಕ್ರವರ್ತಿ ಪೆಂಗ್ವಿನ್ ಎಂಬ ದೊಡ್ಡ ಜಾತಿಯು ಹೆಪ್ಪುಗಟ್ಟಿದ ಕಡಲಿನ ಮೇಲೆಯೇ ಮರಿಮಾಡುತ್ತದೆ. ಹುಡುಗನ ತಂದೆಯ ಮಾತು ಈ ಒಂದು ಜಾತಿಯ ಮಟ್ಟಿಗೆ ಸರಿ. ಬೇಸಗೆಯಲ್ಲಿ ಆ ನೆಲವೇ ಒಡೆದು ಕರಗಿಹೋಗುತ್ತದೆ. ಅಗೆಯಲು ಏನೂ ಉಳಿಯುವುದಿಲ್ಲ.

ಪೆಂಗ್ವಿನ್ ನಮ್ಮ ದೇಶದ ಹಕ್ಕಿಯಲ್ಲ. ಆದರೆ ಹಾರಲಾರದ ಇನ್ನೊಂದು ಹಕ್ಕಿಯ ಬಗೆಗೆ ಇದೇ ಬಗೆಯ ಶೋಧವು ನಮ್ಮಲ್ಲೂ ನಡೆದಿದೆ. ಮಾಜಿವಾಡಾದಿಂದ ಕವಲೊಡೆಯುವ ಹೆದ್ದಾರಿಯಲ್ಲಿ ನಾಸಿಕಕ್ಕೆ ಹೋಗಿ ಅಲ್ಲಿಂದಲೂ ಮುಂದೆ ಸಾಗಿದರೆ, ಜಳಗಾಂವ ಜಿಲ್ಲೆಯ ಚಾಳೀಸಗಾಂವದ ಬಳಿ ಪಾಟಣೆ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ 1970ರ ದಶಕದಲ್ಲಿ ಎಸ್. ಎ. ಸಾಳಿಯವರು ನಡೆಸಿದ ಉತ್ಖನನದಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪುಗಳು ಸಿಕ್ಕಿದುವು. ಅವು ಸುಮಾರು 25,000 ವರ್ಷಗಳಷ್ಟು ಹಳೆಯವು. ಒಂದರ ಮೇಲೆ ಮನುಷ್ಯನು ಅಡ್ಡಗೆರೆಗಳ ಚಿತ್ತಾರವನ್ನು ಕೊರೆದಿದ್ದನು. ಮಣಿಯನ್ನೂ ಚಿತ್ತಾರದ ಚಿಪ್ಪನ್ನೂ ಎಲ್ಲಿಂದಲಾದರೂ ಹೊತ್ತು ತರಬಹುದಷ್ಟೆ. ಅದು ಗೂಡಿಗೆ ಸಾಕ್ಷಿಯಾಗದು. 2017ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳೂ ಸಂಗಡಿಗರೂ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ದೊರೆತಿದ್ದ ಇಂಥ ಚಿಪ್ಪುಗಳ ವಂಶತಂತುವನ್ನು ಪರೀಕ್ಷಿಸಿ, ಅವು ಆಫ್ರಿಕದ ಉಷ್ಟ್ರಪಕ್ಷಿಯ ನಂಟಿನವೇ ಎಂದು ತೋರಿಸಿದರು. ಗೂಡಿನ ಸಾಕ್ಷಿಗೆ ಇನ್ನೂ ಕಾಯಬೇಕಾಯಿತು. 2024ರಲ್ಲಿ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದವರು ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ ಸುಮಾರು 41,000 ವರ್ಷ ಹಳೆಯ ಗೂಡನ್ನೇ ಕಂಡುದಾಗಿ ವರದಿಯಾಯಿತು. ಒಂದೇ ಸ್ಥಳದಲ್ಲಿ ಸುಮಾರು 3,500 ಚಿಪ್ಪಿನ ಚೂರುಗಳು!

ಇನ್ನು ನಮ್ಮ ಠಾಣೆ ಖಾಡಿಯ ರಾಜಹಂಸಗಳು. ಚಳಿಗಾಲದಿಂದ ಮಳೆ ಬರುವತನಕ ಐರೋಳಿ ಸೇತುವೆಯ ಆಚೀಚೆ ಕೆಸರೆಲ್ಲ ನಸುಗೆಂಪಾಗುವುದನ್ನು ವಾಚಕರು ಕಂಡಿರಬಹುದು. ಖಾಡಿಯ ಒಂದು ಭಾಗವನ್ನು 2015ರಲ್ಲಿ ಅಭಯಾರಣ್ಯವೆಂದು ಸಾರಲಾಯಿತು; 2022ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆಯೂ ದೊರೆಯಿತು. ಇವು ಇಲ್ಲಿ ಉಣ್ಣುತ್ತವೆ, ಗೂಡು ಕಟ್ಟುವುದಿಲ್ಲ. ಅವುಗಳ ಕೆಸರಿನ ಗುಪ್ಪೆಗೂಡುಗಳನ್ನು ಕಾಣಬೇಕಾದರೆ ಕಚ್ಛದ ರಣಕ್ಕೆ ಹೋಗಬೇಕು. ಐದು ಸಾವಿರ ವರ್ಷಗಳ ಬಳಿಕ ಯಾರಾದರೂ ಈ ಖಾಡಿಯ ಮಣ್ಣನ್ನು ಜರಡಿ ಹಿಡಿದರೆ ಅವರಿಗೆ ಚಿಪ್ಪು ಸಿಗದು, ಮರಿಯ ಎಲುಬೂ ಸಿಗದು. ಉಬ್ಬರದ ಹೊತ್ತಿಗೆ ಹಕ್ಕಿಗಳು ಖಾಡಿಯನ್ನು ಬಿಟ್ಟು ನವಿ ಮುಂಬಯಿಯ ಕೊಳಗಳಲ್ಲಿ ನಾಲ್ಕಾರು ತಾಸು ಕಾಲೂರಿ ನಿಂತು ಹೋಗುತ್ತವೆ. ಆ ಕೊಳಗಳನ್ನು ಮಣ್ಣು ಸುರಿದು ಮುಚ್ಚಿದರೆ, ಅಲ್ಲಿ ಅವು ನಿಂತಿದ್ದುದಕ್ಕೆ ಜರಡಿಯಲ್ಲಿ ಉಳಿಯುವ ಕುರುಹು ಒಂದೂ ಇರದು.