ಸೀಲ್ ಇಲ್ಲದ ಪಂಪು: ನಂಬಿಕೆ ಮತ್ತು ನಿಜ

ಮ್ಯಾಗ್ನೆಟಿಕ್ ಡ್ರೈವ್ ಪಂಪಿನಲ್ಲಿ ಮೋಟಾರಿನ ಶಾಫ್ಟು ದ್ರವವನ್ನು ಮುಟ್ಟುವುದೇ ಇಲ್ಲ. ಮೋಟಾರು ಹೊರಗಿನ ಅಯಸ್ಕಾಂತದ ಬಳೆಯನ್ನು ತಿರುಗಿಸುತ್ತದೆ. ನಡುವೆ ಭದ್ರವಾಗಿ ಮುಚ್ಚಿದ ಕವಚ. ಅದರೊಳಗೆ ದ್ರವವನ್ನು ತಳ್ಳುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ ಕೂಡಿಸಿದ ಇನ್ನೊಂದು ಅಯಸ್ಕಾಂತ ಆ ಸೆಳೆತಕ್ಕೆ ಜೊತೆಯಲ್ಲೇ ತಿರುಗುತ್ತದೆ. ಕಾರವಾರದ ಬಿಣಗಾದಲ್ಲಿರುವಂಥ ಕಾಸ್ಟಿಕ್ ಸೋಡಾ ಉದ್ಯಮದಲ್ಲಿ ಕ್ಷಾರ, ಆಸಿಡ್‌ಗಳು ನಿತ್ಯದ ಸರಕು. ಶಾಫ್ಟಿನ ಸುತ್ತಲಿನ ಸೀಲ್ ಸವೆದು ಸೋರುವ ಭಯವಿಲ್ಲದ ಪಂಪಿಗೆ ಅಲ್ಲಿ ಬೆಲೆಯಿದೆ.

ಸೀಲ್ ಇಲ್ಲವೆಂದ ಮೇಲೆ ಖಾಲಿ ಓಡಿದರೂ ಕೆಡದು ಎಂಬುದು ಇದರ ಬಗೆಗಿನ ಅತ್ಯಂತ ದುಬಾರಿ ತಪ್ಪು ಕಲ್ಪನೆ. ಒಳಗಿನ ಸಿಲಿಕಾನ್ ಕಾರ್ಬೈಡ್ ಬೇರಿಂಗಿಗೆ ಗ್ರೀಸ್ ಇಲ್ಲ. ಪಂಪಿನೊಳಗೆ ಹರಿಯುವ ದ್ರವವೇ ಅದನ್ನು ಜಾರಿಸಬೇಕು, ತಂಪಾಗಿಡಬೇಕು. ದ್ರವ ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಕಾದು ಬಿರುಕು ಬಿಡಬಹುದು. ಕೊಳವೆಬಾವಿ ಬತ್ತಿದಾಗ ಸಬ್‌ಮರ್ಸಿಬಲ್ ಪಂಪಿಗೆ ಆಗುವ ಗತಿಯೂ ಇದೇ. ಸಾದಲಿ, ಶಿಡ್ಲಘಟ್ಟದ ಕಡೆಯ ರೈತರಿಗೆ 'ಡ್ರೈ ರನ್' ಎಂದರೆ ಬಿಡಿಸಿ ಹೇಳಬೇಕಿಲ್ಲ. ಪರಿಹಾರವೂ ಒಂದೇ ಬಗೆಯದು: ನೀರಾಗಲಿ ಆಸಿಡ್ ಆಗಲಿ, ಎತ್ತುವ ಭಾರ ಇಲ್ಲವಾದೊಡನೆ ಮೋಟಾರು ಎಳೆಯುವ ಕರೆಂಟು ಇಳಿಯುತ್ತದೆ, ಅದನ್ನು ಗಮನಿಸುವ ರಿಲೇ ಮೋಟಾರನ್ನು ನಿಲ್ಲಿಸುತ್ತದೆ. ಸಿಲಿಕಾನ್ ಕಾರ್ಬೈಡ್ ಬದಲು ಕಾರ್ಬನ್ ಬೇರಿಂಗು ಹಾಕಿದರೆ ಸ್ವಲ್ಪ ಹೊತ್ತು ತಾಳಿಕೊಂಡೀತು, ಅಷ್ಟೇ.

ಪಂಪಿನ ಮೈ ಸ್ಟೇನ್‌ಲೆಸ್ ಸ್ಟೀಲಿನದಾದರೆ ಯಾವ ಆಸಿಡ್‌ಗೂ ಜಗ್ಗದು ಎಂಬ ನಂಬಿಕೆಯೂ ಗಟ್ಟಿಯಾಗಿ ಬೇರೂರಿದೆ. ಹೈಡ್ರೋಕ್ಲೋರಿಕ್ ಆಸಿಡ್ 316 ದರ್ಜೆಯ ಸ್ಟೀಲನ್ನೂ ತಿಂದುಹಾಕುತ್ತದೆ. ಅದಕ್ಕೆ ಪಾಲಿಪ್ರೊಪಿಲೀನ್ ಅಥವಾ ಪಿವಿಡಿಎಫ್‌ನಂಥ ಪ್ಲಾಸ್ಟಿಕ್ ಬೇಕು. ಆದರೆ ಪಿವಿಡಿಎಫ್ ಗಾಢ ಕಾಸ್ಟಿಕ್‌ಗೆ ಹೊಂದದು. ಸಲ್ಫ್ಯೂರಿಕ್ ಆಸಿಡ್‌ನ ರೀತಿ ಇನ್ನೂ ವಿಚಿತ್ರ. ಶೇ. 98ರ ಆಸಿಡನ್ನು ಸಾಧಾರಣ ಉಷ್ಣತೆಯಲ್ಲಿ ಮಾಮೂಲಿ ಉಕ್ಕಿನ ಟ್ಯಾಂಕಿನಲ್ಲೇ ಇಡುತ್ತಾರೆ; ನೀರು ಬೆರೆಸಿ ತೆಳುವಾಗಿಸಿದರೆ ಅದೇ ಉಕ್ಕು ಕರಗತೊಡಗುತ್ತದೆ. ಪಾಲಿಪ್ರೊಪಿಲೀನ್‌ನ ಕಥೆ ಇದಕ್ಕೆ ತದ್ವಿರುದ್ಧ: ತೆಳು ಆಸಿಡ್‌ಗೆ ತಾಳುತ್ತದೆ, ಗಾಢ ಆಸಿಡ್‌ಗೆ ಸೋಲುತ್ತದೆ. ಹಾಗಾಗಿ ಆಸಿಡ್‌ನ ಹೆಸರೊಂದನ್ನೇ ಹೇಳಿ ಪಂಪು ಕೊಳ್ಳುವುದು ಅಪಾಯ. ಸಾಂದ್ರತೆ, ಉಷ್ಣತೆ ಎರಡನ್ನೂ ಹೇಳಲೇಬೇಕು.

ಅಯಸ್ಕಾಂತ ವರ್ಷ ಕಳೆದಂತೆ ಸೋಲುತ್ತದೆ ಎನ್ನುವವರಿದ್ದಾರೆ. ಅದರ ನಿಜವಾದ ವೈರಿ ವಯಸ್ಸಲ್ಲ, ಶಾಖ. ಸಾಮಾನ್ಯ ನಿಯೋಡಿಮಿಯಮ್ ಅಯಸ್ಕಾಂತದ ಮಿತಿ ಸುಮಾರು 80 ಡಿಗ್ರಿ ಸೆಲ್ಸಿಯಸ್, ವಿಶೇಷ ದರ್ಜೆಗಳದು ಅದಕ್ಕಿಂತ ಹೆಚ್ಚು. ಸಮೇರಿಯಮ್ ಕೋಬಾಲ್ಟ್ 250 ಡಿಗ್ರಿಯನ್ನೂ ತಾಳುತ್ತದೆ. ದ್ರವ ತೀರಾ ಮಂದವಾದರೆ, ಇಂಪೆಲ್ಲರಿಗೆ ಏನಾದರೂ ಸಿಕ್ಕಿಕೊಂಡರೆ, ಒಳಗಿನ ಅಯಸ್ಕಾಂತ ಹಿಡಿತ ತಪ್ಪಿ ನಿಲ್ಲುತ್ತದೆ. ಮೋಟಾರು ಮಾತ್ರ ತಿರುಗುತ್ತಲೇ ಇರುತ್ತದೆ. ಪಂಪು ಕೆಟ್ಟಿತೆಂದು ಆಗಲೇ ಬಿಚ್ಚಬೇಕಿಲ್ಲ: ಮೋಟಾರು ನಿಲ್ಲಿಸಿ, ಕಾರಣ ಸರಿಪಡಿಸಿ ಮತ್ತೆ ಚಾಲೂ ಮಾಡಿದರೆ ಹಿಡಿತ ಮರಳುತ್ತದೆ. ಹಾಗೇ ಓಡಲು ಬಿಟ್ಟರೆ, ಅದರಲ್ಲೂ ಲೋಹದ ಕವಚವಿದ್ದರೆ, ಸುಳಿ ವಿದ್ಯುತ್ತಿನ ಶಾಖಕ್ಕೆ ಅಯಸ್ಕಾಂತ ಹಾಳಾಗುತ್ತದೆ.

ಈ ಪಂಪು ಎಂಥ ದ್ರವವನ್ನಾದರೂ ಸಾಗಿಸುತ್ತದೆ ಎಂಬುದೂ ಸರಿಯಲ್ಲ. ತುಕ್ಕಿನ ಕಣಗಳು ಅಯಸ್ಕಾಂತದ ಬಳಿ ಕೂಡಿಕೊಳ್ಳುತ್ತವೆ; ಮರಳು, ಹರಳುಗಟ್ಟಿದ ಉಪ್ಪು ಬೇರಿಂಗನ್ನು ಸವೆಸಿ, ಕೊನೆಗೆ ಕವಚವನ್ನೂ ತೂತು ಮಾಡಬಲ್ಲವು. ಎಂದೂ ಸೋರದ ಪಂಪು ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ವಿಷಕಾರಿ ದ್ರವಗಳಿಗೆ ಎರಡು ಪದರದ ಕವಚವಿಟ್ಟು, ಪದರಗಳ ನಡುವಿನ ಒತ್ತಡವನ್ನು ಸೆನ್ಸರ್‌ನಿಂದ ಕಾಯುವ ಪದ್ಧತಿಯಿದೆ.