ನೆರೆಮನೆಗೆ ಬಂದ ಕಾಲೇಜು

ಹೊಸಕೋಟೆ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಬೆಳಗಿನ ಜಾವ ಕ್ಯೂ ನಿಂತು ತಿನ್ನುವ ದಮ್ ಬಿರಿಯಾನಿ. ಬೆಂಗಳೂರಿನಲ್ಲಿ ಬೇಕರಿ, ಹೋಟೆಲ್ ಇಟ್ಟವರು ಊರಿಂದ ನೆಂಟರು ಬಂದರೆ ಒಮ್ಮೆಯಾದರೂ ಆ ದಾರಿ ಹಿಡಿಯುವುದುಂಟು. ಅದೇ ತಾಲೂಕಿನ ಅನುಗೊಂಡನಹಳ್ಳಿಯ ಹೆಸರು ಮಾತ್ರ ಸೈಟು ಹುಡುಕುವವರನ್ನು ಬಿಟ್ಟರೆ ಉಳಿದವರ ಕಿವಿಗೆ ಬಿದ್ದದ್ದು ಕಡಿಮೆ. ಆ ಹೋಬಳಿಯ ಒಂದು ಮಗ್ಗುಲಿಗೆ ವೈಟ್‌ಫೀಲ್ಡ್, ಕಾಡುಗೋಡಿ ಬೆಳೆದು ಬರುತ್ತಾ ಉಂಟು. ಇನ್ನೊಂದು ಮಗ್ಗುಲಲ್ಲಿ ಹೊಲ, ತೋಟ ಇನ್ನೂ ಇವೆ. ಹೊಸಕೋಟೆಯಲ್ಲಿ ಎಂವಿಜೆ ಮೆಡಿಕಲ್ ಕಾಲೇಜು ಇದೆ. ಪೇಟೆ ಹತ್ತಿರವಾದಂತೆ ಕಾಲೇಜುಗಳೂ ಹತ್ತಿರವಾಗುತ್ತವೆ. ಆಗ ಹಳ್ಳಿಯವರು ಕೇಳುವ ಮೊದಲ ಪ್ರಶ್ನೆ, ಇದರಿಂದ ನಮಗೇನು ಸಿಗುತ್ತದೆ?

ಇದಕ್ಕೆ ಉತ್ತರ ಹೇಳಲು ಕೊಣಾಜೆ, ದೇರಳಕಟ್ಟೆಯ ನಮ್ಮ ಮನೆಗಳಿಗಿಂತ ಒಳ್ಳೆಯ ಸಾಕ್ಷಿ ಬೇರೆ ಯಾರಿದ್ದಾರೆ? ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಕೊಣಾಜೆಯ ಗುಡ್ಡೆ ಮಂಗಳಗಂಗೋತ್ರಿ ಎನಿಸಿಕೊಂಡಿತು. ಆಮೇಲೆ ದೇರಳಕಟ್ಟೆಯ ಸರದಿ. ಯೆನೆಪೋಯ, ನಿಟ್ಟೆ ಎರಡೂ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯಗಳಾದವು. ಕಣಚೂರಿನ ಮೆಡಿಕಲ್ ಕಾಲೇಜು ಬಂತು. ಮುರಕಲ್ಲಿನ ಗುಡ್ಡೆಗಳ ಮೇಲೆ ಒಂದರ ಹಿಂದೆ ಒಂದು ಆಸ್ಪತ್ರೆ ಎದ್ದಿತು.

ನೆರೆಯವರು ಏನು ಮಾಡಿದರು? ಮನೆಯ ಮೇಲೊಂದು ಮಾಳಿಗೆ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಜೆರಾಕ್ಸ್ ಅಂಗಡಿ, ಜ್ಯೂಸ್ ಅಂಗಡಿ, ಮೆಸ್ ಇಟ್ಟರು. ಕೇರಳದಿಂದ ಕಲಿಯಲು ಬಂದ ಮಕ್ಕಳ ಜೊತೆ ಮಾತಾಡಲು ನಮಗೆ ದುಭಾಷಿ ಬೇಕಾಗಲಿಲ್ಲ. ಬ್ಯಾರಿ ಭಾಷೆಗೂ ಮಲಯಾಳಕ್ಕೂ ಇರುವ ನಂಟು ವ್ಯಾಪಾರಕ್ಕೂ ಆಯಿತು! ಆದರೆ ಬಾಡಿಗೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದು 2020ರ ಲಾಕ್‌ಡೌನ್‌ನಲ್ಲಿ ಗೊತ್ತಾಯಿತು. ಹಾಸ್ಟೆಲ್ ಮುಚ್ಚಿತು, ಮಕ್ಕಳು ಊರಿಗೆ ಹೋದರು. ಸಾಲ ಮಾಡಿ ಕಟ್ಟಿದ ಕೋಣೆ ಖಾಲಿ ಬಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲವಲ್ಲ ಮಾರ್ರೆ.

ಈ ಲೆಕ್ಕದಲ್ಲಿ ನಾವು ಯಾವಾಗಲೂ ಒಂದು ಸಾಲು ಬಿಟ್ಟುಬಿಡುತ್ತೇವೆ. ಕಾಲೇಜು ನಮಗೆ ಕೊಟ್ಟದ್ದನ್ನು ಎಣಿಸುತ್ತೇವೆ, ನಾವು ಕಾಲೇಜಿಗೆ ಕೊಟ್ಟದ್ದನ್ನು ಎಣಿಸುವುದಿಲ್ಲ. ಮೆಡಿಕಲ್ ಕಾಲೇಜನ್ನೇ ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ ವರ್ಷಕ್ಕೆ 150 ಎಂಬಿಬಿಎಸ್ ಸೀಟು ಬೇಕೆಂದರೆ ಆಸ್ಪತ್ರೆಯಲ್ಲಿ 605 ಹಾಸಿಗೆ ಇರಬೇಕು. ಹಾಸಿಗೆ ಇದ್ದರೆ ಸಾಲದು, ಅವುಗಳಲ್ಲಿ ಹೆಚ್ಚಿನವು ತುಂಬಿರಬೇಕು. ತುಂಬುವವರು ಯಾರು? ಸುತ್ತಲಿನ ಹಳ್ಳಿಯ ಸೊಂಟನೋವಿನ ಉಮ್ಮ, ಸಕ್ಕರೆ ಕಾಯಿಲೆಯ ಕಾಕ. ರೋಗಿ ಬಾರದಿದ್ದರೆ ವಿದ್ಯಾರ್ಥಿಗೆ ಪಾಠವಿಲ್ಲ, ಕಾಲೇಜಿನ ಸೀಟಿಗೇ ಕುತ್ತು. ಜಮಾಅತಿನ ಹಾಲ್‌ನಲ್ಲಿ ಉಚಿತ ಶಿಬಿರ ನಡೆದಾಗ ನಾವು ಕೈಮುಗಿದು ಧನ್ಯವಾದ ಹೇಳುತ್ತೇವೆ, ಹೇಳಬೇಕಾದ್ದೇ. ಜೊತೆಗೆ ಎರಡು ಮಾತು ಕೇಳಲೂ ನಮಗೆ ಹಕ್ಕುಂಟು. ಶಿಬಿರದಲ್ಲಿ ಕಂಡ ರೋಗಕ್ಕೆ ಮುಂದಿನ ಚಿಕಿತ್ಸೆ ಎಲ್ಲಿ? ಅದರ ಖರ್ಚು ಯಾರದು?

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 2021-22ರ ತಂಡದಿಂದ ಎಂಬಿಬಿಎಸ್ ಕಲಿಯುವ ಮಕ್ಕಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು. ಮೊದಲ ವರ್ಷದಿಂದಲೇ ಆ ಮನೆಗಳಿಗೆ ಹೋಗಿ ಬಿಪಿ, ರಕ್ತಹೀನತೆ, ಮಕ್ಕಳ ಚುಚ್ಚುಮದ್ದು ನೋಡಿ ಬರೆದಿಡಬೇಕು. ಅನುಗೊಂಡನಹಳ್ಳಿಯಂಥ ಊರಿನವರಿಗೆ ಇದು ದೊಡ್ಡ ಅವಕಾಶ. ಬಿಳಿ ಕೋಟಿನ ಮಕ್ಕಳು ಬಾಗಿಲಿಗೆ ಬಂದರೆ ಯಾವುದೋ ಸರ್ವೆಯವರೆಂದು ಕಳುಹಿಸಬೇಡಿ. ಹೆಸರು ಕೇಳಿ, ಹಳೆಯ ಚೀಟಿ ತೋರಿಸಿ, ಮುಂದಿನ ಸಲ ಯಾವಾಗ ಬರುತ್ತೀರೆಂದು ಬರೆಸಿಕೊಳ್ಳಿ.

ನೆರೆಯೆಂದ ಮೇಲೆ ಜಗಳವೂ ಇರುತ್ತದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣದ ನಡುವಿನ ರಸ್ತೆಯೇ ನಾಗರಭಾವಿ, ಕೆಂಗೇರಿ ಕಡೆಯವರ ದಿನದ ದಾರಿ. 2022ರ ಅಕ್ಟೋಬರ್‌ನಲ್ಲಿ ಅಲ್ಲಿ ವಿದ್ಯಾರ್ಥಿನಿಯೊಬ್ಬಳು ಬಿಎಂಟಿಸಿ ಬಸ್ಸಿಗೆ ಸಿಲುಕಿದಳು, ಆಮೇಲೆ ತೀರಿಕೊಂಡಳು. ಹೊರಗಿನ ವಾಹನ ನಿಲ್ಲಿಸಿ ಎಂದು ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂತರು. ರಸ್ತೆ ಮುಚ್ಚಿದರೆ ಸುತ್ತು ಬಳಸಿ ಹೋಗಬೇಕಾದವರ ಕಷ್ಟವೂ ಸುಳ್ಳಲ್ಲ. ನಮ್ಮನ್ನು ಕೇಳಿದರೆ, ಮಕ್ಕಳ ಜೀವದ ಮುಂದೆ ಹತ್ತು ನಿಮಿಷದ ಸುತ್ತು ದೊಡ್ಡದಲ್ಲ. ಆದರೆ ಬದಲಿ ದಾರಿ ತೋರಿಸಿ ಮುಚ್ಚಬೇಕು, ಅದನ್ನು ನೆರೆಯವರ ಜೊತೆ ಕೂತು ಮಾತಾಡಬೇಕು.

ಇನ್ನು ಸೀಟಿನ ಮಾತು. ಪಕ್ಕದಲ್ಲೇ ಕಾಲೇಜು ಇರುವಾಗ ನಮ್ಮ ಮಗುವಿಗೆ ಸುಲಭ ಎಂದು ನಂಬಿ ಕೂತ ಮನೆಗಳುಂಟು. ಡೀಮ್ಡ್ ವಿಶ್ವವಿದ್ಯಾನಿಲಯದ ಎಂಬಿಬಿಎಸ್ ಸೀಟು ತುಂಬುವುದು ಅಖಿಲ ಭಾರತ ಕೌನ್ಸೆಲಿಂಗ್‌ನಲ್ಲಿ. ಅಲ್ಲಿ ಊರು ಯಾವುದೆಂದು ಕೇಳುವುದಿಲ್ಲ, ನೀಟ್ ರ‍್ಯಾಂಕ್ ಕೇಳುತ್ತಾರೆ. ರಾಜ್ಯದ ಸಾಮಾನ್ಯ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟು ಇದೆ, ಅದು ಕೆಇಎ ಮೂಲಕ. ಕಡಿಮೆ ಶುಲ್ಕದ ದಾರಿ ಅದೇ. ಎಂಬಿಬಿಎಸ್ ಸಿಗಲಿಲ್ಲವೆಂದು ಮುಖ ಸಪ್ಪಗೆ ಮಾಡಬೇಕಿಲ್ಲ. ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಫಿಸಿಯೋಥೆರಪಿ ಕೂಡ ಹತ್ತಿರದ ಆಸ್ಪತ್ರೆಯಲ್ಲೇ ಕೆಲಸಕ್ಕೆ ಒಯ್ಯುವ ಓದು.

ಹತ್ತಿರ ಇರುವುದರ ನಿಜವಾದ ಲಾಭ ನಾವು ಕಂಡದ್ದು ಹೆಣ್ಣುಮಕ್ಕಳ ವಿಷಯದಲ್ಲಿ. ಹಾಸ್ಟೆಲಿಗೆ ಬಿಡಲು ಒಪ್ಪದ ಎಷ್ಟೋ ಮನೆಗಳು ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ಬರುವ ಕಾಲೇಜಿಗೆ ಒಪ್ಪಿವೆ. ಮಾಳಿಗೆಯ ಕೋಣೆಯಲ್ಲಿ ಪರವೂರ ಹುಡುಗಿ ರಾತ್ರಿಯಿಡೀ ದೀಪ ಹಾಕಿ ಓದುವುದನ್ನು ಕೆಳಗಿನ ಮನೆಯ ಮಗಳು ನೋಡಿದ್ದಾಳೆ. ಅವಳ ಪುಸ್ತಕ ಕೇಳಿ ತಂದಿದ್ದಾಳೆ. ಬಾಡಿಗೆ ಎಣಿಸುತ್ತಿದ್ದ ಉಮ್ಮನಿಗೆ ಮರುವರ್ಷ ಅರ್ಜಿ ತುಂಬುವ ಕೊನೆಯ ದಿನಾಂಕವೂ ಬಾಯಿಪಾಠವಾಗಿದೆ.